ಸಾವನ್ನು ಓದುವ ಮೊದಲು ಬದುಕನ್ನು ಓದಬೇಕು

ನರಮೇಧವನ್ನೇ ವಿಷಯವಾಗಿ ಇಟ್ಟುಕೊಂಡು ಎಂ.ಎ. ಮಾಡಬಹುದು, ಪಿಎಚ್‌.ಡಿ.ಯನ್ನೂ ಪಡೆಯಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿರುವ ಕ್ಲಾರ್ಕ್ ವಿಶ್ವವಿದ್ಯಾಲಯ 1998ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ತೆರೆಯಿತು. ಇಸ್ರೇಲಿನ ಹೈಫಾ, ಸ್ವೀಡನ್ನಿನ ಉಪ್ಸಾಲಾ, ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದಲ್ಲಿ ಸ್ನಾತಕೋತ್ತರ ಪಾಠಗಳು ನಡೆಯುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಮತ್ತು ಅವರ ಜೊತೆಗಾರರು ಕೊಂದ ಅರವತ್ತು ಲಕ್ಷ ಯಹೂದಿಗಳ ಚರಿತ್ರೆ ಈ ಓದಿನ ನಡುಗಂಬ. ಅದರ ಸುತ್ತ ಅರ್ಮೇನಿಯನ್ನರ, ಕಾಂಬೋಡಿಯದ, ರುವಾಂಡದ ಚರಿತ್ರೆಗಳಿವೆ.

ಇಂಥ ಪದವಿಯೊಂದಿದೆ ಎಂದು ತಿಳಿದಾಗ ಜನ ಮೊದಲು ಕೇಳುವುದು, ‘ಅಷ್ಟೊಂದು ಸಾವನ್ನು ವರ್ಷಗಟ್ಟಲೆ ಕೂತು ಓದುವುದು ಹೇಗೆ?’ ಎಂದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಅಧ್ಯಯನ ಬೆಳೆದು ಬಂದ ದಾರಿಯನ್ನು ನೋಡಿದರೆ ಬೇರೊಂದು ಸಂಗತಿ ನಿಚ್ಚಳವಾಗುತ್ತದೆ. ಕೊಂದವರ ಕಾಗದಗಳನ್ನು ಮಾತ್ರ ಓದಿದಾಗಲೆಲ್ಲ ಅದು ಕುಂಟಿದೆ. ಸತ್ತವರು ಬದುಕಿದ್ದಾಗ ಬರೆದಿಟ್ಟ ಕಾಗದಗಳನ್ನು ತೆರೆದಾಗ ನೆಟ್ಟಗೆ ನಿಂತಿದೆ. ಯಹೂದಿಗಳು ಹೇಗೆ ಬದುಕಿದ್ದರು ಎಂಬ ಚರಿತ್ರೆಯೂ ಅವರನ್ನು ಹೇಗೆ ಕೊಲ್ಲಲಾಯಿತು ಎಂಬ ಚರಿತ್ರೆಯೂ ಒಂದೇ ಮೇಜಿನ ಮೇಲೆ ಇರಬೇಕಾದ ಅಗತ್ಯ ಇಲ್ಲಿಂದಲೇ ಹುಟ್ಟಿತು.

ಇದನ್ನು ಬಹಳ ಮೊದಲೇ ಕಂಡುಕೊಂಡವರು ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್. ಹುಟ್ಟಿದ್ದು 1900ರಲ್ಲಿ. ವಾರ್ಸಾ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ, 1527ರವರೆಗಿನ ವಾರ್ಸಾ ಯಹೂದಿಗಳ ಚರಿತ್ರೆ. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು, ಉಳಿದ ಹೊತ್ತು ಸಮಾಜಸೇವೆ. 1940ರ ನವೆಂಬರಿನಲ್ಲಿ ಜರ್ಮನರು ವಾರ್ಸಾದ ಯಹೂದಿಗಳನ್ನೆಲ್ಲ ಒಂದು ಗೋಡೆಯೊಳಗೆ ಕೂಡಿಹಾಕಿದರು. ನಾಲ್ಕು ಲಕ್ಷಕ್ಕೂ ಮೀರಿದ ಜನ. ಅದೇ ತಿಂಗಳು ರಿಂಗೆಲ್‌ಬ್ಲುಮ್ ಕೆಲವರನ್ನು ಮನೆಗೆ ಕರೆದು ಒಂದು ಗುಟ್ಟಿನ ಕೂಟ ಕಟ್ಟಿದರು. ಅವರು ಶನಿವಾರ ಮಧ್ಯಾಹ್ನ ಸೇರುತ್ತಿದ್ದರು. ಹಾಗಾಗಿ ಸಬ್ಬತ್ ದಿನದ ಸಂತೋಷ ಎಂಬ ಅರ್ಥದ ‘ಓಯ್ನೆಗ್ ಶಾಬೆಸ್’ ಎಂಬ ಹೆಸರು ಬಿತ್ತು.

ಆ ಕೂಟ ಮಾಡಿದ ಕೆಲಸವನ್ನು ಇವತ್ತಿನ ಯಾವ ಸಂಶೋಧನಾ ಮಾರ್ಗದರ್ಶಕರೂ ಮೆಚ್ಚಬೇಕು. ಅರ್ಥಶಾಸ್ತ್ರಜ್ಞರು, ಕವಿಗಳು, ರಬ್ಬಿಗಳು, ಮೇಷ್ಟ್ರುಗಳು, ಹರೆಯದ ಹುಡುಗರು ಸೇರಿ ಸುಮಾರು ಅರವತ್ತು ಮಂದಿ. ಅವರು ಪ್ರಶ್ನಾವಳಿ ತಯಾರಿಸಿಕೊಂಡು ಆ ಗೋಡೆಯೊಳಗಿನ ಘೆಟ್ಟೊದಲ್ಲಿ ಮಾಹಿತಿ ಸಂಗ್ರಹಕ್ಕೆ ಇಳಿದರು. ಹೆಂಗಸರು ಮನೆ ಹೇಗೆ ತೂಗಿಸುತ್ತಿದ್ದಾರೆ? ಗೋಡೆಯಾಚೆಯಿಂದ ಕದ್ದು ತರುವ ಕಾಳಿನ ದರ ಎಷ್ಟು? ಬೀದಿಯ ಮಕ್ಕಳು ಏನು ತಿನ್ನುತ್ತಾರೆ? ಯಹೂದಿ ಪೊಲೀಸರು ಲಂಚ ಹೊಡೆಯುತ್ತಾರೆಯೇ? ಜನ ಯಾವ ಜೋಕು ಹೇಳಿಕೊಂಡು ನಗುತ್ತಿದ್ದಾರೆ? ಎಲ್ಲವನ್ನೂ ಬರೆದುಕೊಂಡರು. ಮಿಠಾಯಿ ಸುತ್ತಿದ ಕಾಗದ, ಟ್ರಾಂ ಟಿಕೆಟ್ಟು, ರೇಷನ್ ಕಾರ್ಡು, ಮಕ್ಕಳು ಶಾಲೆಯಲ್ಲಿ ಬರೆದ ಪ್ರಬಂಧ, ಹತ್ತಾರು ಜನ ತುಂಬಿಕೊಂಡ ಒಂದೇ ಮನೆಯಲ್ಲಿ ಯಾರನ್ನು ಕರೆಯಲು ಎಷ್ಟು ಸಲ ಗಂಟೆ ಒತ್ತಬೇಕೆಂಬ ಚೀಟಿ, ಎಲ್ಲವೂ ಸಂಗ್ರಹಕ್ಕೆ ಸೇರಿದವು. ಬಡವರ ಗಂಜಿಮನೆಯೊಂದನ್ನು ನಡೆಸುತ್ತಿದ್ದ ಲೇಖಕಿ ರಾಖೆಲ್ ಔಎರ್ಬಾಖ್ ಆ ಗಂಜಿಮನೆಯ ಬಗ್ಗೆಯೇ ಬರೆದರು. ಖೆಲ್ಮ್ನೊ ಎಂಬಲ್ಲಿ ಗ್ಯಾಸ್ ಲಾರಿಗಳಲ್ಲಿ ಯಹೂದಿಗಳನ್ನು ಕೊಲ್ಲುತ್ತಿದ್ದರು. ಅಲ್ಲಿಂದ 1942ರ ಜನವರಿಯಲ್ಲಿ ತಪ್ಪಿಸಿಕೊಂಡು ಬಂದವನೊಬ್ಬನ ಹೇಳಿಕೆಯನ್ನು ಬರೆದುಕೊಂಡು ಪೋಲಿಷ್ ಭೂಗತ ಹೋರಾಟಗಾರರ ಮೂಲಕ ಹೊರಗೆ ಕಳಿಸಿದವರೂ ಇವರೇ.

1942ರ ಜುಲೈ 22ರಂದು ವಾರ್ಸಾದಿಂದ ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ರೈಲುಗಳು ಹೊರಡತೊಡಗಿದವು. ಎರಡು ವಾರದೊಳಗೆ, ಆಗಸ್ಟ್ 3ರಂದು, ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಶಾಲೆಯ ನೆಲಮಾಳಿಗೆಯಲ್ಲಿ ಒಬ್ಬ ಮೇಷ್ಟ್ರು ಮತ್ತು ಅವರ ಇಬ್ಬರು ಹರೆಯದ ಶಿಷ್ಯರು ಆ ಸಂಗ್ರಹವನ್ನು ತುಂಬಿದ ಹತ್ತು ತಗಡಿನ ಪೆಟ್ಟಿಗೆಗಳನ್ನು ಹೂತರು. ಮುಂದಿನ ವರ್ಷ ಎರಡು ಹಾಲಿನ ಕ್ಯಾನುಗಳನ್ನು ಅಲ್ಲೇ ಹೂಳಲಾಯಿತು. ಯುದ್ಧ ಮುಗಿದಾಗ ಕೂಟದಲ್ಲಿ ಉಳಿದಿದ್ದವರು ಮೂವರು: ಔಎರ್ಬಾಖ್, ಕಾರ್ಯದರ್ಶಿ ಹೆರ್ಷ್ ವಾಸರ್, ಅವರ ಹೆಂಡತಿ ಬ್ಲುಮಾ. ಬಂಕರಿನಲ್ಲಿ ಅಡಗಿದ್ದ ರಿಂಗೆಲ್‌ಬ್ಲುಮ್, ಅವರ ಹೆಂಡತಿ, ಮಗ 1944ರ ಮಾರ್ಚಿನಲ್ಲಿ ಸಿಕ್ಕಿಬಿದ್ದು ಕೊಲೆಯಾಗಿದ್ದರು. ಇಡೀ ಪ್ರದೇಶ ಇಟ್ಟಿಗೆ ರಾಶಿಯಾಗಿತ್ತು. 1946ರ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು ಸಿಕ್ಕವು, 1950ರ ಡಿಸೆಂಬರಿನಲ್ಲಿ ಹಾಲಿನ ಕ್ಯಾನುಗಳು. ಹೂತಿದ್ದರೆನ್ನಲಾದ ಮೂರನೇ ಭಾಗ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ ಸುಮಾರು 35,000 ಪುಟಗಳು ವಾರ್ಸಾದ ಯಹೂದಿ ಚರಿತ್ರೆ ಸಂಸ್ಥೆಯಲ್ಲಿವೆ.

ಸಾಯುತ್ತಿದ್ದವರೇ ತಮ್ಮ ಚರಿತ್ರೆಯನ್ನು ಇಷ್ಟು ಶಿಸ್ತಾಗಿ ಬರೆದಿಟ್ಟಿದ್ದರಲ್ಲ, ಲೋಕದ ವಿಶ್ವವಿದ್ಯಾಲಯಗಳು ಓಡಿಬಂದು ಓದಬೇಕಿತ್ತು ಎನಿಸುತ್ತದೆ. ಹಾಗಾಗಲಿಲ್ಲ. ಪೋಲೆಂಡಿನಲ್ಲಿ ಬದುಕುಳಿದ ಫಿಲಿಪ್ ಫ್ರೀಡ್‌ಮನ್ ಮುಂತಾದ ಚರಿತ್ರಕಾರರು 1944ರಲ್ಲೇ ಒಂದು ಆಯೋಗ ಕಟ್ಟಿ ಸಾವಿರಾರು ಹೇಳಿಕೆಗಳನ್ನು ಬರೆದುಕೊಂಡರು. ಅವುಗಳಲ್ಲಿ ಹೆಚ್ಚಿನವು ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಶ್‌ನಲ್ಲಿ, ಪೋಲಿಷ್‌ನಲ್ಲಿ ಇದ್ದವು. ಆ ಭಾಷೆಗಳನ್ನು ಓದಬಲ್ಲ ಪ್ರೊಫೆಸರುಗಳು ಪಶ್ಚಿಮದಲ್ಲಿ ವಿರಳ. ಸಂತ್ರಸ್ತರ ಮಾತನ್ನು ದಾಖಲೆ ಎಂದು ಒಪ್ಪುವವರು ಇನ್ನೂ ವಿರಳ.

ಹೀಗಾಗಿ ಈ ವಿಷಯದಲ್ಲಿ ಮೊದಲ ದೊಡ್ಡ ಡಾಕ್ಟರೇಟ್ ಪ್ರಬಂಧ ಬೇರೆ ದಾರಿ ಹಿಡಿಯಿತು. ಅದನ್ನು ಬರೆದ ರಾಲ್ ಹಿಲ್ಬರ್ಗ್ 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಹದಿಮೂರನೇ ವಯಸ್ಸಿಗೆ ಮನೆಯವರೊಡನೆ ದೇಶ ಬಿಟ್ಟು ಕ್ಯೂಬಾದ ಮೂಲಕ ಅಮೆರಿಕ ಸೇರಿದರು. ಅಮೆರಿಕದ ಸೈನಿಕನಾಗಿ ಜರ್ಮನಿಗೆ ಮರಳಿದಾಗ ಮ್ಯೂನಿಕ್‌ನಲ್ಲಿ ಹಿಟ್ಲರನ ಸ್ವಂತ ಪುಸ್ತಕಗಳನ್ನು ತುಂಬಿದ್ದ ಪೆಟ್ಟಿಗೆಗಳು ಅವರ ಕಣ್ಣಿಗೆ ಬಿದ್ದವು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯುರೋಪಿನ ಯಹೂದಿಗಳ ನಾಶವನ್ನೇ ಸಂಶೋಧನೆಗೆ ಆರಿಸಿಕೊಂಡರು. ನಾಜಿ ಆಡಳಿತದ ಮೇಲೆ ದೊಡ್ಡ ಗ್ರಂಥ ಬರೆದಿದ್ದ ಮಾರ್ಗದರ್ಶಕ ಫ್ರಾನ್ಸ್ ನಾಯ್‌ಮನ್ ಒಪ್ಪಿದರು. ಆದರೆ ನಿನ್ನ ಗೋರಿಯನ್ನು ನೀನೇ ತೋಡಿಕೊಳ್ಳುತ್ತಿದ್ದೀಯ ಎಂಬರ್ಥದ ಎಚ್ಚರಿಕೆಯನ್ನೂ ಕೊಟ್ಟರು. ಈ ವಿಷಯ ಹಿಡಿದವನಿಗೆ ಆಗ ಕೆಲಸ ಸಿಗುವಂತಿರಲಿಲ್ಲ.

ಹಿಲ್ಬರ್ಗ್ ಕೈಗೆತ್ತಿಕೊಂಡದ್ದು ಅಮೆರಿಕದ ಸೈನ್ಯ ವಶಪಡಿಸಿಕೊಂಡಿದ್ದ ಜರ್ಮನ್ ಕಡತಗಳನ್ನು. ಆಜ್ಞೆ, ಟಿಪ್ಪಣಿ, ಬಿಲ್ಲು, ರಸೀದಿ. ಯಹೂದಿ ಯಾರು ಎಂದು ಕಾನೂನಿನಲ್ಲಿ ಗುರುತಿಸುವುದು, ಆಸ್ತಿ ಕಸಿಯುವುದು, ಒಂದೆಡೆ ಕೂಡಿಹಾಕುವುದು, ಕೊಲ್ಲುವುದು. ಈ ಹಂತಗಳು ಒಂದರ ಹಿಂದೊಂದು ಹೇಗೆ ಬಂದವು, ಪ್ರತಿ ಹಂತದಲ್ಲೂ ಎಷ್ಟು ಸಾಮಾನ್ಯ ಗುಮಾಸ್ತರು ತಮ್ಮ ಪಾಲಿನ ಸಹಿ ಹಾಕಿದರು ಎಂಬುದನ್ನು ಅವರು ಬಿಡಿಸಿಟ್ಟರು. ಕ್ಲಾಡ್ ಲಾಂಜ್‌ಮನ್ ಅವರ 1985ರ ‘ಶೋಆ’ ಚಿತ್ರದಲ್ಲಿ ಅವರು ಒಂದು ಹಾಳೆ ಹಿಡಿದು ಮಾತಾಡುವ ದೃಶ್ಯವಿದೆ. ಅದು ಜರ್ಮನ್ ರೈಲ್ವೆಯ 587ನೇ ನಂಬರಿನ ವೇಳಾಪಟ್ಟಿ ಆದೇಶ. ಟ್ರೆಬ್ಲಿಂಕಾಕ್ಕೆ ಹೋಗುವ ರೈಲು ಎಷ್ಟು ಗಂಟೆಗೆ ಎಲ್ಲಿ ನಿಲ್ಲಬೇಕು, ಖಾಲಿಯಾಗಿ ಯಾವಾಗ ಹಿಂತಿರುಗಬೇಕು ಎಂಬ ಸಾದಾ ಪಟ್ಟಿ. ರೈಲ್ವೆ ಇಲಾಖೆ ಈ ಪ್ರಯಾಣಕ್ಕೆ ಮೂರನೇ ದರ್ಜೆಯ ದರ ಹಾಕುತ್ತಿತ್ತು. ಹೋಗುವುದಕ್ಕೆ ಮಾತ್ರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್ಟು, ನಾಲ್ಕರ ಕೆಳಗಿನವರಿಗೆ ಉಚಿತ. ನಾನೂರಕ್ಕಿಂತ ಹೆಚ್ಚು ಜನರಾದರೆ ಗುಂಪಿನ ರಿಯಾಯಿತಿ. ದ್ವೇಷದ ಭಾಷಣಗಳನ್ನು ನೂರು ಓದಿದರೂ ತಿಳಿಯದ್ದನ್ನು ಈ ಒಂದು ದರಪಟ್ಟಿ ತಿಳಿಸುತ್ತದೆ.

ಪ್ರಬಂಧಕ್ಕೆ ಕೊಲಂಬಿಯಾದಲ್ಲಿ ಬಹುಮಾನ ಬಂತು. ಪುಸ್ತಕವಾಗಿ ಅಚ್ಚು ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಕಾಶನ ತಿರಸ್ಕರಿಸಿತು. ಜೆರುಸಲೇಮಿನಲ್ಲಿರುವ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಶೇಮ್ ಕೂಡ ಒಪ್ಪಲಿಲ್ಲ. ಕೊನೆಗೆ 1961ರಲ್ಲಿ ಶಿಕಾಗೊದ ಸಣ್ಣ ಪ್ರಕಾಶಕರೊಬ್ಬರು, ದಾನಿಗಳ ಹಣ ಸಿಕ್ಕ ಮೇಲೆ, ಹೊರತಂದರು. ಯಾದ್ ವಶೇಮ್ ಕೊಟ್ಟ ಕಾರಣಗಳಲ್ಲಿ ಒಂದು ಇಲ್ಲಿ ಮುಖ್ಯ: ಪುಸ್ತಕ ಹೆಚ್ಚುಕಡಿಮೆ ಪೂರ್ತಿ ಜರ್ಮನ್ ದಾಖಲೆಗಳನ್ನೇ ನೆಚ್ಚಿಕೊಂಡಿದೆ.

ಹಿಲ್ಬರ್ಗ್ ಅವರ ಸಾಧನೆಗೆ ತಲೆಬಾಗುತ್ತಲೇ ಈ ಆಕ್ಷೇಪದಲ್ಲಿ ಹುರುಳಿದೆ ಎಂದು ನಾನು ಹೇಳುತ್ತೇನೆ. ಕೊಲ್ಲುವವನ ಕಡತದಲ್ಲಿ ಯಹೂದಿ ಒಂದು ಸಂಖ್ಯೆ. ಅವನಿಗೆ ಬೀದಿಯಿಲ್ಲ, ಹಾಡಿಲ್ಲ, ಅತ್ತೆಯ ಜೊತೆ ಜಗಳವಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ. ಆ ಕಡತಗಳನ್ನೇ ನೆಚ್ಚಿದ ಚರಿತ್ರಕಾರನಿಗೆ ಯಹೂದಿ ಸಮಾಜ ಮೇಲಿನ ಆಜ್ಞೆಗೆ ತಲೆಯೊಡ್ಡಿದ ಒಂದು ಮೂಕ ಗುಂಪಾಗಿ ಕಾಣುತ್ತದೆ. ಹಿಲ್ಬರ್ಗ್ ಅವರ ಪುಸ್ತಕದಲ್ಲಿ ಅಂಥ ಮಾತುಗಳಿವೆ, ಅವು ಬದುಕುಳಿದವರನ್ನು ಬಹಳ ನೋಯಿಸಿದವು. ಅದೇ ಹೊತ್ತಿಗೆ ರಿಂಗೆಲ್‌ಬ್ಲುಮ್ ಸಂಗ್ರಹದ ಗಂಜಿಮನೆಗಳು, ಗುಟ್ಟಿನ ಶಾಲೆಗಳು, ಕಳ್ಳಸಾಗಣೆಯ ಹುಡುಗರು ವಾರ್ಸಾದ ಕಪಾಟಿನಲ್ಲಿ ಓದುವವರಿಗಾಗಿ ಕಾಯುತ್ತಿದ್ದರು.

ಚರಿತ್ರಕಾರ ಕ್ರಿಸ್ಟೊಫರ್ ಬ್ರೌನಿಂಗ್ ಅವರ ಎರಡು ಪುಸ್ತಕಗಳನ್ನು ಜೊತೆಗಿಟ್ಟು ನೋಡಿದರೆ ಇಡೀ ಕ್ಷೇತ್ರ ಹೇಗೆ ತಿರುಗಿತು ಎಂಬುದು ಕಾಣುತ್ತದೆ. 1992ರ ‘ಆರ್ಡಿನರಿ ಮೆನ್’ ಪುಸ್ತಕಕ್ಕೆ ಅವರು ಓದಿದ್ದು ಹ್ಯಾಂಬರ್ಗಿನ 101ನೇ ಮೀಸಲು ಪೊಲೀಸ್ ಪಡೆಯ 210 ಜನರ ವಿಚಾರಣಾ ಹೇಳಿಕೆಗಳನ್ನು. 1942ರ ಜುಲೈ 13ರಂದು ಪೋಲೆಂಡಿನ ಯೋಜೆಫುಫ್ ಹಳ್ಳಿಯಲ್ಲಿ ಈ ಪಡೆ ಸುಮಾರು 1,500 ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಕೆಲಸಕ್ಕೆ ಇಳಿಯುವ ಮೊದಲು ಕಮಾಂಡರ್ ಟ್ರಾಪ್, ಇದು ತನ್ನಿಂದಾಗದು ಎನ್ನುವವರು ಹಿಂದೆ ಸರಿಯಬಹುದು ಎಂದಿದ್ದ. ಸುಮಾರು ಐನೂರು ಜನರಲ್ಲಿ ಆಗ ಸರಿದವರು ಹತ್ತು ಹನ್ನೆರಡು ಮಂದಿ. ಉಳಿದವರು ನಡುವಯಸ್ಸಿನ ಕಾರ್ಮಿಕರು, ಗುಮಾಸ್ತರು, ಮಕ್ಕಳೊಂದಿಗರು. ಪಕ್ಕದವನೆದುರು ಹೇಡಿ ಎನಿಸಿಕೊಳ್ಳಬಾರದು ಎಂಬುದೇ ಅನೇಕರಿಗೆ ಸಾಕಾಗಿತ್ತು. ಈ ಪುಸ್ತಕ ಓದದೆ ಯಾವ ವಿದ್ಯಾರ್ಥಿಯೂ ಈ ಪದವಿ ಮುಗಿಸುವುದಿಲ್ಲ.

ಆದರೆ ನನಗೆ ಅದೇ ಬ್ರೌನಿಂಗ್ 2010ರಲ್ಲಿ ಬರೆದ ‘ರಿಮೆಂಬರಿಂಗ್ ಸರ್ವೈವಲ್’ ಇನ್ನೂ ದೊಡ್ಡ ಪಾಠ ಎನಿಸಿದೆ. ಅದರ ಹಿಂದೆ ಒಂದು ಕೋರ್ಟು ಕಥೆಯಿದೆ. ಪೋಲೆಂಡಿನ ಸ್ಟಾರಾಖೊವಿತ್ಸೆ ಭಾಗದ ಜರ್ಮನ್ ಪೊಲೀಸ್ ಅಧಿಕಾರಿ ವಾಲ್ಟರ್ ಬೆಕರ್ ಮೇಲೆ ಹ್ಯಾಂಬರ್ಗಿನಲ್ಲಿ ಮೊಕದ್ದಮೆ ನಡೆಯಿತು. ಬದುಕುಳಿದ ಅನೇಕರು ಸಾಕ್ಷಿ ಹೇಳಿದರು. 1972ರಲ್ಲಿ ನ್ಯಾಯಾಲಯ ಆ ಸಾಕ್ಷ್ಯಗಳನ್ನು ನಂಬಲರ್ಹವಲ್ಲ ಎಂದು ತಳ್ಳಿ ಅವನನ್ನು ಬಿಡುಗಡೆ ಮಾಡಿತು. ಆ ತೀರ್ಪನ್ನು ಓದಿ ಕುದಿದ ಬ್ರೌನಿಂಗ್, ಅಲ್ಲಿನ ಕಾರ್ಖಾನೆಗಳ ಗುಲಾಮಿ ಶಿಬಿರಗಳಿಂದ ಬದುಕಿ ಬಂದ 292 ಜನರ ಸಾಕ್ಷ್ಯಗಳನ್ನು ಒಂದೊಂದಾಗಿ ಓದಿದರು, ಒಂದಕ್ಕೊಂದು ತಾಳೆ ಹಾಕಿದರು. ಎಲ್ಲಿ ನೆನಪು ಜಾರಿದೆ, ಎಲ್ಲಿ ಹತ್ತಾರು ಜನ ಒಂದೇ ಮಾತು ಹೇಳಿದ್ದಾರೆ, ಯಾವುದನ್ನು ಅವರು ದಶಕಗಳ ಕಾಲ ನುಂಗಿಕೊಂಡಿದ್ದರು ಎಂದು ಬಿಡಿಸಿ ತೋರಿಸಿದರು. ಕೊಂದವರ ಹೇಳಿಕೆಯನ್ನು ಜರಡಿ ಹಿಡಿಯಬಹುದಾದರೆ ಬದುಕುಳಿದವರ ಹೇಳಿಕೆಯನ್ನೂ ಹಿಡಿಯಬಹುದು. ಜರಡಿ ಹಿಡಿಯದೆ ಎಸೆಯುವುದು ಅನ್ಯಾಯ.

ಸಾಕ್ಷ್ಯದ ಬಗ್ಗೆ ತರಗತಿಗಳಲ್ಲಿ ಇವತ್ತಿಗೂ ಬಿಸಿಬಿಸಿ ಚರ್ಚೆಯಾಗುವ ಪ್ರಸಂಗವೊಂದಿದೆ. ಯೇಲ್ ವಿಶ್ವವಿದ್ಯಾಲಯದ ವಿಡಿಯೊ ಸಾಕ್ಷ್ಯ ಸಂಗ್ರಹ ನ್ಯೂ ಹೇವನ್ ಊರಿನಲ್ಲಿ 1979ರಲ್ಲಿ ಬೇರು ಬಿಟ್ಟಿತು. ಅದನ್ನು ಆರಂಭಿಸಿದವರಲ್ಲಿ ಒಬ್ಬರು ಮನೋವೈದ್ಯ ಡೋರಿ ಲಾಬ್. ಅವರು ಸ್ವತಃ ಬಾಲ್ಯದಲ್ಲಿ ನಾಜಿ ಕಾಲದ ಶಿಬಿರ ಕಂಡವರು. ಈ ಸಂಗ್ರಹಕ್ಕೆ ಸಾಕ್ಷ್ಯ ಹೇಳಿದ ಒಬ್ಬ ಮಹಿಳೆ, ಕೊಲೆ ಶಿಬಿರವಾಗಿದ್ದ ಆಶ್‌ವಿಟ್ಸ್‌ನಲ್ಲಿ 1944ರ ಅಕ್ಟೋಬರಿನಲ್ಲಿ ಕೈದಿಗಳು ದಂಗೆಯೆದ್ದದ್ದನ್ನು ವಿವರಿಸುತ್ತ ನಾಲ್ಕು ಚಿಮಣಿಗಳು ಸಿಡಿದವು ಎಂದರು. ಸಿಡಿದದ್ದು ಒಂದೇ. ಚರಿತ್ರಕಾರರು ಈ ಸಾಕ್ಷ್ಯದಿಂದ ಪ್ರಯೋಜನವಿಲ್ಲ ಎಂದರು. ಆಶ್‌ವಿಟ್ಸ್‌ನಲ್ಲಿ ಪ್ರತಿರೋಧ ಎಂಬುದೊಂದು ಸಾಧ್ಯವಾಯಿತಲ್ಲ, ಆ ನಂಬಲಾಗದ್ದಕ್ಕೆ ಆಕೆ ಸಾಕ್ಷಿ ಎಂದು ಲಾಬ್ ವಾದಿಸಿದರು. ಚಿಮಣಿಯ ಲೆಕ್ಕದಲ್ಲಿ ಚರಿತ್ರಕಾರರೇ ಸರಿ, ಅದನ್ನು ಬಿಟ್ಟುಕೊಡಬಾರದು. ನರಮೇಧ ನಡೆದೇ ಇಲ್ಲ ಎನ್ನುವವರು ಇಂಥ ಒಂದೊಂದು ತಪ್ಪಿಗೂ ಹೊಂಚು ಹಾಕಿರುತ್ತಾರೆ. ಆದರೆ ಆ ಸ್ಫೋಟ ಒಬ್ಬ ಕೈದಿಯ ಎದೆಯೊಳಗೆ ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯಲು ಆಕೆಯ ಮಾತನ್ನು ಬಿಟ್ಟರೆ ಬೇರೆ ದಾಖಲೆ ಎಲ್ಲಿದೆ?

ಎರಡು ಬಗೆಯ ಕಾಗದಗಳನ್ನು ಒಂದೇ ಹರಿವಿನಲ್ಲಿ ಬರೆದು ತೋರಿಸಿದವರು ಸಾಲ್ ಫ್ರೀಡ್ಲಾಂಡರ್. 1932ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ, ಫ್ರಾನ್ಸಿನ ಕ್ಯಾಥೊಲಿಕ್ ವಸತಿಶಾಲೆಯೊಂದರಲ್ಲಿ ಹೆಸರು ಬದಲಿಸಿಕೊಂಡು ಉಳಿದ ಬಾಲಕ. ತಂದೆತಾಯಿ ಆಶ್‌ವಿಟ್ಸ್‌ನಲ್ಲಿ ಹೋದರು. 1997 ಮತ್ತು 2007ರಲ್ಲಿ ಬಂದ ಅವರ ಎರಡು ಸಂಪುಟಗಳಲ್ಲಿ ಬರ್ಲಿನ್ನಿನ ಆಜ್ಞೆಯ ಪಕ್ಕದಲ್ಲೇ ಯಾವುದೋ ಊರಿನ ಹುಡುಗನ ಡೈರಿ ಬರುತ್ತದೆ. ಹತ್ತಾರು ಪುಟ ಕಳೆದ ಮೇಲೆ ಆ ಡೈರಿ ಮತ್ತೆ ಬರುತ್ತದೆ. ಆಮೇಲೆ ಬರುವುದಿಲ್ಲ. ಎರಡನೇ ಸಂಪುಟಕ್ಕೆ 2008ರಲ್ಲಿ ಪುಲಿಟ್ಸರ್ ಪ್ರಶಸ್ತಿ ಬಂತು.

ಇಷ್ಟು ಹೇಳಿದ ಮೇಲೆ ಯಹೂದಿ ಚರಿತ್ರೆಯ ಬೇರೆ ಬಾಗಿಲನ್ನೂ ತೆರೆಯಬೇಕು. 1930ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಯಹೂದಿ ಚರಿತ್ರೆಯ ಪೀಠಕ್ಕೆ ಬಂದ ಸಾಲೊ ಬ್ಯಾರನ್, ಪೋಲೆಂಡಿನ ಟಾರ್ನುಫ್ ಊರಿನವರು. ಯಹೂದಿಗಳ ಚರಿತ್ರೆಯನ್ನು ಬರೀ ಕಣ್ಣೀರಿನ ಚರಿತ್ರೆಯಾಗಿ ಬರೆಯುವ ರೂಢಿಯನ್ನು ಅವರು 1928ರಲ್ಲೇ ಟೀಕಿಸಿದ್ದರು. ವ್ಯಾಪಾರ, ಕುಟುಂಬ, ವಿದ್ಯೆ, ನೆರೆಹೊರೆಯವರ ಜೊತೆಗಿನ ಕೊಡುಕೊಳ್ಳುವಿಕೆ, ಇವೆಲ್ಲ ಆ ಚರಿತ್ರೆಯ ಮೈ ಎಂಬುದು ಅವರ ವಾದ. ಮುಂದೆ ಅವರ ಊರಿಗೇ ನರಮೇಧ ಬಂತು, ಸ್ವಂತದವರನ್ನೇ ಕಳೆದುಕೊಂಡರು. 1961ರಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆಯಲ್ಲಿ ಸಾಕ್ಷಿ ಕಟ್ಟೆ ಹತ್ತಿದಾಗ ಬ್ಯಾರನ್ ಮಾಡಿದ್ದು ಯುದ್ಧಕ್ಕೆ ಮೊದಲು ಯುರೋಪಿನ ಯಹೂದಿಗಳು ಹೇಗೆ ಬದುಕಿದ್ದರು ಎಂಬ ವಿವರಣೆ. ಏನು ನಾಶವಾಯಿತು ಎಂದು ತಿಳಿಯದೆ ಅಪರಾಧದ ಆಳ ನ್ಯಾಯಾಲಯಕ್ಕಾದರೂ ಹೇಗೆ ತಿಳಿಯಬೇಕು?

ಬದುಕಿನ ಆ ಚರಿತ್ರೆಯ ಒಂದು ಎಳೆ ನಮ್ಮ ಮಂಗಳೂರಿಗೂ ಬಂದಿದೆ. ದೇವರ ಹೆಸರು ಇರಬಹುದಾದ ಕಾಗದವನ್ನು ಎಸೆಯಬಾರದೆಂಬ ಸಂಪ್ರದಾಯದಿಂದ ಹಳೆಯ ಕೈರೊದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಶತಮಾನಗಳ ಕಾಗದ ಸೇರಿಕೊಂಡಿತ್ತು. ಇದಕ್ಕೆ ಗೆನಿಜಾ ಎನ್ನುತ್ತಾರೆ. ವಿದ್ವಾಂಸ ಸೊಲೊಮನ್ ಶೆಖ್ಟರ್ 1896-97ರಲ್ಲಿ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಹರಿದ ಚೂರುಗಳೂ ಸೇರಿ ಸುಮಾರು 1.9 ಲಕ್ಷ. ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳು ಸಿಕ್ಕವು. ಟ್ಯುನೀಸಿಯಾ ಕಡೆಯ ಈ ಯಹೂದಿ 12ನೇ ಶತಮಾನದಲ್ಲಿ ಹದಿನೇಳು ವರ್ಷದಷ್ಟು ಕಾಲ ಮಲಬಾರ್ ಕರಾವಳಿಯಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅಡಿಕೆ, ಮೆಣಸು, ಕಬ್ಬಿಣವನ್ನು ಏಡನ್‌ಗೆ ಕಳಿಸಿದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಅಶು ಎಂಬ ಇಲ್ಲಿನ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿ ಅವಳೊಂದಿಗೆ ಸಂಸಾರ ಹೂಡಿದ. ಜರ್ಮನಿಯಲ್ಲಿ ಹುಟ್ಟಿ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರೇಟ್ ಪಡೆದ ಎಸ್.ಡಿ. ಗೊಯ್ಟೈನ್ ಈ ಭಾರತ ವ್ಯಾಪಾರದ ಪತ್ರಗಳನ್ನು ದಶಕಗಟ್ಟಲೆ ಓದಿದರು. ಆಕ್ಸ್‌ಫರ್ಡಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಮಿತಾವ್ ಘೋಷ್, ಗೊಯ್ಟೈನ್ ಪ್ರಕಟಿಸಿದ ಪತ್ರವೊಂದರಲ್ಲಿ ಬೆನ್ ಯಿಜುವಿನ ಆಳಿನ ಸುದ್ದಿ ಕಂಡು ಬೆನ್ನು ಹತ್ತಿದರು. ಅದಕ್ಕಾಗಿ ಹೀಬ್ರೂ ಅಕ್ಷರದಲ್ಲಿ ಬರೆಯುವ ಅರಬ್ಬಿಯನ್ನು ಕಲಿತರು. ಮಂಗಳೂರಿಗೆ ಬಂದು ಪ್ರೊ. ಬಿ.ಎ. ವಿವೇಕ ರೈ ಅವರ ನೆರವು ಪಡೆದು, ಆ ಆಳು ಬೊಮ್ಮ ಎಂಬ ತುಳುನಾಡಿನವನು ಎಂಬ ತೀರ್ಮಾನಕ್ಕೆ ಬಂದರು. 1992ರ ‘ಇನ್ ಎನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಆ ಕಥೆಯಿದೆ. ಬ್ಯಾರನ್ ಹೇಳಿದ ಚರಿತ್ರೆಯ ಮೈ ಇಂಥದ್ದು. ಇದನ್ನು ಓದಿ ನರಮೇಧದ ಪಾಠಕ್ಕೆ ಬಂದ ವಿದ್ಯಾರ್ಥಿಗೆ ಯಹೂದಿ ಎಂದರೆ ಕೇವಲ ಸತ್ತವನಲ್ಲ.

ಹಾಗಾದರೆ ವಿದ್ಯಾರ್ಥಿಯ ದಿನಗಳು ಹೇಗೆ ಕಳೆಯುತ್ತವೆ? ಬಹುಪಾಲು ಭಾಷೆಯ ಪಾಠದಲ್ಲಿ. ಜರ್ಮನ್ ಬೇಕೇ ಬೇಕು. ಅದರ ಜೊತೆ ಆರಿಸಿಕೊಂಡ ಪ್ರದೇಶಕ್ಕೆ ತಕ್ಕಂತೆ ಪೋಲಿಷ್, ಉಕ್ರೇನಿಯನ್, ಲಿಥುವೇನಿಯನ್, ಹಂಗೇರಿಯನ್. ಯಹೂದಿ ಮೂಲಗಳಿಗೆ ಯಿಡ್ಡಿಶ್ ಮತ್ತು ಹೀಬ್ರೂ. ಯುದ್ಧಕ್ಕೆ ಮೊದಲು ಒಂದು ಕೋಟಿಗೂ ಹೆಚ್ಚು ಜನ ಆಡುತ್ತಿದ್ದ ಯಿಡ್ಡಿಶ್‌ ಈಗ ಹೆಚ್ಚಾಗಿ ಸಂಪ್ರದಾಯಸ್ಥ ಪಂಗಡಗಳ ಮನೆಮಾತು. ಉಳಿದವರು ಅದನ್ನು ಬೇಸಿಗೆ ಶಿಬಿರಗಳಲ್ಲಿ ಕಲಿಯುತ್ತಾರೆ. 1925ರಲ್ಲಿ ವಿಲ್ನಾದಲ್ಲಿ ಹುಟ್ಟಿ, 1940ರಲ್ಲಿ ಕೇಂದ್ರವನ್ನು ನ್ಯೂಯಾರ್ಕಿಗೆ ಬದಲಾಯಿಸಿದ ಯಿವೊ ಸಂಸ್ಥೆ ಅಂಥ ಶಿಬಿರವನ್ನು 1968ರಿಂದ ನಡೆಸುತ್ತಿದೆ. ಭಾಷೆ ಬಂದರೆ ಸಾಲದು, ಕೈಬರಹ ಬರಬೇಕು. ಹಳೆಯ ಜರ್ಮನ್ ಕೂಡುಬರಹವನ್ನು ಇಂದಿನ ಜರ್ಮನರೇ ಓದಲಾರರು. ಬೆಳಗಾವಿ, ಧಾರವಾಡ ಕಡೆಯ ಮರಾಠಾ ಕಾಲದ ದಫ್ತರ ಬಿಡಿಸಲು ಹೋದವರು ಮೋಡಿ ಲಿಪಿಯ ಮುಂದೆ ಪಡುವ ಪಾಡೇ ಇಲ್ಲಿಯೂ.

ಮುಂದಿನದು ಪತ್ರಾಗಾರ. ಜರ್ಮನಿಯ ಬಾಟ್ ಆರೊಲ್ಸೆನ್ ಊರಿನಲ್ಲಿ ನಾಜಿ ಕಿರುಕುಳಕ್ಕೆ ಸಿಕ್ಕಿದ ಸುಮಾರು 1.75 ಕೋಟಿ ಜನರ ಬಗ್ಗೆ ಮಾಹಿತಿಯಿರುವ ದಾಖಲೆಗಳಿವೆ. ಸಂಶೋಧಕರಿಗೆ ಅದು ತೆರೆದದ್ದು 2007ರಲ್ಲಿ ಮಾತ್ರ. ವಿಷಯವನ್ನು ಸಣ್ಣದು ಮಾಡಿಕೊಳ್ಳಿ ಎಂದು ಮಾರ್ಗದರ್ಶಕರು ಮೊದಲ ದಿನದಿಂದ ಹೇಳುತ್ತಾರೆ: ಒಂದು ಊರು, ಒಂದು ಆಸ್ಪತ್ರೆ, ಒಂದು ಅನಾಥಾಲಯ. ಚರಿತ್ರಕಾರ ಒಮರ್ ಬಾರ್ಟೊವ್ ತಮ್ಮ ತಾಯಿಯ ಊರಾದ ಬುಚಾಚ್ ಒಂದಕ್ಕೇ ಎರಡು ದಶಕದಷ್ಟು ಕಾಲ ಕೊಟ್ಟರು. ಈಗ ಉಕ್ರೇನಿನಲ್ಲಿರುವ ಈ ಊರಿನಲ್ಲಿ ಪೋಲರು, ಉಕ್ರೇನಿಯನ್ನರು, ಯಹೂದಿಗಳು ಸುಮಾರು ನಾಲ್ಕು ಶತಮಾನ ಜೊತೆಯಾಗಿದ್ದರು. 1966ರಲ್ಲಿ ನೊಬೆಲ್ ಪಡೆದ ಹೀಬ್ರೂ ಕಥೆಗಾರ ಆಗ್ನೊನ್ ಹುಟ್ಟಿದ್ದು ಇಲ್ಲೇ. ನೆರೆಯವನು ನೆರೆಯವನನ್ನು ಹಿಡಿದುಕೊಟ್ಟದ್ದು ಹೇಗೆ ಎಂಬ ಪ್ರಶ್ನೆಗೆ 2018ರಲ್ಲಿ ಬಂದ ಬಾರ್ಟೊವ್ ಅವರ ಪುಸ್ತಕ ಕೊಡುವ ಉತ್ತರ ಆ ಶತಮಾನಗಳ ಹೊಕ್ಕುಬಳಕೆಯನ್ನು ತಿಳಿಯದವರಿಗೆ ಸಿಕ್ಕುವಂಥದ್ದಲ್ಲ.

ಈ ಕೆಲಸಕ್ಕೆ ಅಪಾಯವೂ ಇದೆ. ಜರ್ಮನ್ ಆಕ್ರಮಣದ ಕಾಲದಲ್ಲಿ ಪೋಲೆಂಡಿನ ಹಳ್ಳಿಗಾಡಿನ ಯಹೂದಿಗಳಿಗೆ ಏನಾಯಿತೆಂದು ಬರೆದ ಬಾರ್ಬರಾ ಎಂಗೆಲ್ಕಿಂಗ್ ಮತ್ತು ಯಾನ್ ಗ್ರಾಬೊವ್ಸ್ಕಿ ಅವರು ಕ್ಷಮೆ ಕೇಳಬೇಕೆಂದು 2021ರ ಫೆಬ್ರುವರಿಯಲ್ಲಿ ವಾರ್ಸಾದ ನ್ಯಾಯಾಲಯ ಆದೇಶಿಸಿತ್ತು. ಆಗಸ್ಟಿನಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ತೀರ್ಪು ಬರುವ ತನಕ ಎಷ್ಟು ಎಳೆಯ ಸಂಶೋಧಕರು ತಮ್ಮ ವಿಷಯ ಬದಲಿಸಿಕೊಳ್ಳುವ ಯೋಚನೆ ಮಾಡಿದ್ದರೋ.

ನರಮೇಧವನ್ನು ಕಾನೂನಿನ ಅಪರಾಧವಾಗಿಸಿದ ರಾಫೆಲ್ ಲೆಮ್ಕಿನ್ ಕೂಡ ಬದುಕಿನ ಕಡೆಯಿಂದಲೇ ಯೋಚಿಸಿದವರು. ಇಂದಿನ ಬೆಲಾರೂಸಿನಲ್ಲಿರುವ ಹಳ್ಳಿಯಲ್ಲಿ 1900ರಲ್ಲಿ ಹುಟ್ಟಿ, ಲ್ವುಫ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಅರ್ಮೇನಿಯನ್ನರ ಕೊಲೆಗೆ ಕಾರಣನಾದವನನ್ನು ಯಾವ ನ್ಯಾಯಾಲಯವೂ ಹಿಡಿಯದೆ ಹೋದದ್ದು ಅವರನ್ನು ಕಾಡಿತು. 1944ರಲ್ಲಿ ‘ಜೆನೊಸೈಡ್’ ಎಂಬ ಪದವನ್ನು ಅವರೇ ಕಟ್ಟಿದರು. ಒಂದು ಜನಾಂಗವನ್ನು ಅಳಿಸುವುದೆಂದರೆ ಅದರ ಭಾಷೆ, ಶಾಲೆ, ಗುಡಿ, ಅನ್ನ, ಹೆರಿಗೆ ಎಲ್ಲದರ ಮೇಲೂ ಕೈಯಿಡುವುದು ಎಂದು ಅವರು ಬಿಡಿಸಿ ಬರೆದರು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಡಂಬಡಿಕೆ ಅಂಗೀಕರಿಸುವಾಗ ಸಂಸ್ಕೃತಿಯ ನಾಶಕ್ಕೆ ಸಂಬಂಧಿಸಿದ ಭಾಗವನ್ನು ಬಹುಮಟ್ಟಿಗೆ ಕೈಬಿಡಲಾಯಿತು. ಇದು ಲೆಮ್ಕಿನ್‌ಗೂ ನೋವು ತಂದಿತು, ನನಗೂ ಇದು ಆ ಒಡಂಬಡಿಕೆಯ ದೊಡ್ಡ ಕೊರತೆ ಎನಿಸುತ್ತದೆ. 1946ರಲ್ಲಿ ಈ ವಿಷಯವನ್ನು ವಿಶ್ವಸಂಸ್ಥೆಯ ಮುಂದಿಟ್ಟ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಭಾರತ ಒಡಂಬಡಿಕೆಯನ್ನು ಸ್ಥಿರೀಕರಿಸಿದ್ದು 1959ರ ಆಗಸ್ಟ್ 27ರಂದು. ಮರುದಿನ ಲೆಮ್ಕಿನ್ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ನರಮೇಧ ನಮ್ಮ ದೇಶದ ದಂಡನೆಯ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಗಿಲ್ಲ. 1984ರ ಸಿಖ್ ಹತ್ಯೆಗಳ ಪ್ರಕರಣವೊಂದರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ 2018ರಲ್ಲಿ ಈ ಕೊರತೆಯನ್ನು ಬೊಟ್ಟುಮಾಡಿ ತೋರಿಸಿದೆ.

ಈ ಕ್ಷೇತ್ರಕ್ಕೆ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಎಷ್ಟು ಮಾಡಬಲ್ಲ ಎನ್ನುವುದಕ್ಕೆ ನಾನು ಹೇಳುವ ಹೆಸರು ಆರನ್ ಲ್ಯಾನ್ಸ್ಕಿ. ಮಾಂಟ್ರಿಯಲ್ಲಿನಲ್ಲಿ ಯಿಡ್ಡಿಶ್ ಸಾಹಿತ್ಯ ಓದುತ್ತಿದ್ದಾಗ ತರಗತಿಗೆ ಬೇಕಾದ ಪುಸ್ತಕಗಳೇ ಸಿಗುತ್ತಿರಲಿಲ್ಲ. ಅಮೆರಿಕಕ್ಕೆ ವಲಸೆ ಬಂದಿದ್ದ ಹಿರಿಯರು ಸಾಯುತ್ತಿದ್ದರು, ಅವರ ಯಿಡ್ಡಿಶ್ ಪುಸ್ತಕಗಳನ್ನು ಓದಲು ಬಾರದ ಮಕ್ಕಳು ಕಸಕ್ಕೆ ಹಾಕುತ್ತಿದ್ದರು. ಇಪ್ಪತ್ನಾಲ್ಕರ ಹರೆಯದ ಲ್ಯಾನ್ಸ್ಕಿ 1980ರಲ್ಲಿ ಓದಿಗೆ ವಿರಾಮ ಹಾಕಿ ಮನೆಮನೆಯಿಂದ ಪುಸ್ತಕ ಎತ್ತಲು ಹೊರಟರು. ಉಳಿದಿರುವುದು ಹೆಚ್ಚೆಂದರೆ 70,000 ಎಂದು ಬಲ್ಲವರು ಅಂದಾಜಿಸಿದ್ದರು. ಕೈಗೆ ಬಂದದ್ದು ಹತ್ತು ಲಕ್ಷಕ್ಕೂ ಮಿಗಿಲು. ಮುದುಕರು ಪುಸ್ತಕ ಒಪ್ಪಿಸುವಾಗ ಲ್ಯಾನ್ಸ್ಕಿಯವರನ್ನು ಕೂರಿಸಿ, ಉಣ್ಣಿಸಿ, ಒಂದೊಂದು ಪುಸ್ತಕ ಕೊಂಡ ಕಥೆಯನ್ನೂ ಹೇಳುತ್ತಿದ್ದರು. ಆ ಪುಸ್ತಕಗಳಿಗೆ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿ ಈಗ ಮನೆಯಾಗಿದೆ. ಅಡುಗೆ ಪುಸ್ತಕ, ನಾಟಕ, ಮಕ್ಕಳ ಪದ್ಯ, ನಾಶವಾದ ಊರುಗಳ ಬಗ್ಗೆ ಅಲ್ಲಿ ಬದುಕುಳಿದವರೇ ಸೇರಿ ಬರೆದ ಸ್ಮರಣ ಸಂಪುಟ, ಹೀಗೆ ಹತ್ತು ಸಾವಿರಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಅಂತರ್ಜಾಲದಲ್ಲಿ ಹಣ ಕೊಡದೆ ಓದಬಹುದು. ಧಾರವಾಡದಲ್ಲೋ ಮೈಸೂರಿನಲ್ಲೋ ಚರಿತ್ರೆಯ ಎಂ.ಎ. ಓದುತ್ತಿರುವವರು ಇದನ್ನು ತೆರೆಯಲು ಯಾವ ವಿಶ್ವವಿದ್ಯಾಲಯದ ಸೀಟೂ ಬೇಕಿಲ್ಲ, ಬಲದಿಂದ ಎಡಕ್ಕೆ ಓದುವ ಆ ಅಕ್ಷರಮಾಲೆ ಕಲಿತಿದ್ದರೆ ಸಾಕು.